ಎಂಟು ಪಟ್ಟು ಸಾಕು

31 ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ಬಿಟ್ಟುಹೋದ ಅನುಸ್ವಾರ, ತಪ್ಪಿದ ದೀರ್ಘ, ಹೊಟ್ಟೆ ಸೀಳದೆ ಉಳಿದ ಮಹಾಪ್ರಾಣ, ಇವನ್ನು ಹುಡುಕುತ್ತಲೇ ಕಣ್ಣು ಸವೆಸಿದೆ. ನಿವೃತ್ತಿಯ ಮರುವರ್ಷ ತಂಗಿಯ ಮಗಳು ನನ್ನನ್ನು ಒಂದು ಜೌಗುನೆಲದ ಪಕ್ಷಿಧಾಮಕ್ಕೆ ಕರೆದೊಯ್ದಳು. ಕೆಸರಿನಲ್ಲಿ ಬಾಲ ಕುಣಿಸುತ್ತ ಓಡಾಡುತ್ತಿದ್ದ ಎರಡು ಕಂದು ಹಕ್ಕಿಗಳನ್ನು ತೋರಿಸಿ, "ದೊಡ್ಡಮ್ಮ, ಇವೆರಡೂ ಒಂದೇ ಅಲ್ಲ. ಎಲ್ಲಿ ವ್ಯತ್ಯಾಸ ಹೇಳಿ ನೋಡೋಣ" ಎಂದಳು. ಕರಡು ತಿದ್ದುವವಳಿಗೆ ಇಂಥ ಮಾತು ಹೇಳಬಾರದು. ಅಂದಿನಿಂದ ವಾರಕ್ಕೆ ಎರಡು ಬೆಳಗು ನಾನು ಆ ಕೆಸರಿನ ಅಂಚಿನಲ್ಲಿಯೇ ಇರುತ್ತೇನೆ.

ಇಲ್ಲಿ ಬರೆಯುತ್ತಿರುವುದು ನನ್ನ ಎರಡನೆಯ ಬೈನಾಕ್ಯುಲರ್ ಬಗ್ಗೆ. ಎಂಟು ಪಟ್ಟು ಹಿಗ್ಗಿಸುವುದು, ಅಳತೆ 8x42. ಒಂದು ಮಳೆಗಾಲದ ಆರಂಭದಲ್ಲಿ ಕೊಂಡು, ಚಳಿಗಾಲ ದಾಟಿಸಿ, ಬೇಸಿಗೆಯ ಕೊನೆಯವರೆಗೆ ಅದೇ ಜೌಗಿನಲ್ಲಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಕೊಂಡ ಮರುದಿನವೇ ಐದು ನಕ್ಷತ್ರ ಅಂಟಿಸುವವರ ಮೇಲೆ ನನಗೆ ನಂಬಿಕೆಯಿಲ್ಲ. ಮೊದಲ ಪುಟ ನೋಡಿ ಪುಸ್ತಕದಲ್ಲಿ ತಪ್ಪಿಲ್ಲ ಎಂದು ಸಹಿ ಹಾಕಿದಂತೆ ಅದು. ಕಂಪನಿಯ ಹೆಸರು ಹೇಳುವುದಿಲ್ಲ. ಇದೇ ಅಳತೆಯ, ಇದೇ ದರ್ಜೆಯ ಗಾಜನ್ನು ಹತ್ತಾರು ಕಂಪನಿಗಳು ಮಾಡುತ್ತವೆ. ನನ್ನ ಹೊಗಳಿಕೆ ಸಲ್ಲಬೇಕಾದದ್ದು ಅಳತೆಗೆ. ದೂರುಗಳು ನನ್ನ ಕೈಗೆ ಬಂದ ಈ ಒಂದು ನಗಕ್ಕೆ.

ಮೊದಲನೆಯದರ ಕಥೆ ಹೇಳದೆ ಎರಡನೆಯದರ ಬೆಲೆ ತಿಳಿಯುವುದಿಲ್ಲ. ಅದು 10x50. "ದೊಡ್ಡದನ್ನೇ ತೆಗೆದುಕೊಳ್ಳಿ ಅಮ್ಮ, ಹೆಚ್ಚು ದೂರ ಕಾಣುತ್ತದೆ" ಎಂದ ಅಂಗಡಿಯವನ ಮಾತಿಗೆ ತಲೆಯಾಡಿಸಿ ತಂದೆ. ಒಂದು ಕಿಲೋಗೆ ಸ್ವಲ್ಪವೇ ಕಡಿಮೆ ತೂಕ. ಹಳೆಯ ಪೋರೋ ಮಾದರಿ: 1854ರಲ್ಲಿ ಇಟಲಿಯ ಇಗ್ನಾಜಿಯೊ ಪೋರೋ ರೂಪಿಸಿದ, ಬೆಳಕನ್ನು ಅಂಕುಡೊಂಕಾಗಿ ಕಳಿಸುವ ಪ್ರಿಸಂ ಜೋಡಣೆ. ಅದರಲ್ಲಿ ದೋಷವೇನಿಲ್ಲ, ಒಳ್ಳೆಯ ಪೋರೋ ಇಂದಿಗೂ ಒಳ್ಳೆಯದೇ. ದೋಷವಿದ್ದದ್ದು ನನ್ನ ಆಸೆಯಲ್ಲಿ. ಹತ್ತು ಪಟ್ಟು ಹಿಗ್ಗಿಸುವ ಗಾಜು ಕೈನಡುಕವನ್ನೂ ಹತ್ತು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನು ಅಂಗಡಿಯವನು ಹೇಳಲಿಲ್ಲ, ನಾನೂ ಯೋಚಿಸಲಿಲ್ಲ. ಓಡುವ ಬಸ್ಸಿನಲ್ಲಿ ಕುಳಿತು ಕರಡು ಓದಿದಂತಿತ್ತು ಅದರಲ್ಲಿ ಹಕ್ಕಿ ನೋಡುವುದು. ಹಕ್ಕಿ ದೊಡ್ಡದಾಗಿಯೇ ಕಾಣುತ್ತಿತ್ತು, ಆದರೆ ಅದರ ಹುಬ್ಬಿನ ಗೆರೆ ಎಲ್ಲಿ ಮುಗಿಯುತ್ತದೆ ಎಂದು ಹೇಳುವಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಒಂದು ಸಣ್ಣ ಲೆಕ್ಕವನ್ನು ಮೊದಲೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು. 40 ಮೀಟರ್ ದೂರದ ಹಕ್ಕಿ ಎಂಟು ಪಟ್ಟಿನ ಗಾಜಿನಲ್ಲಿ 5 ಮೀಟರ್ ದೂರದಲ್ಲಿ ಇದ್ದಂತೆ ಕಾಣುತ್ತದೆ. ಹತ್ತು ಪಟ್ಟಿನಲ್ಲಿ 4 ಮೀಟರ್. ಆ ಒಂದು ಮೀಟರಿನ ಲಾಭಕ್ಕಾಗಿ ನಾನು ಒಂದು ವರ್ಷ ಕುತ್ತಿಗೆ ನೋಯಿಸಿಕೊಂಡೆ.

ಇನ್ನು ಈ 8x42. ಎಂಟು ಎಂದರೆ ಹಿಗ್ಗಿಸುವ ಪಟ್ಟು, 42 ಎಂದರೆ ಮುಂದಿನ ಮಸೂರದ ಅಗಲ, ಮಿಲಿಮೀಟರುಗಳಲ್ಲಿ. 42ನ್ನು 8ರಿಂದ ಭಾಗಿಸಿದರೆ 5.25. ಬೈನಾಕ್ಯುಲರನ್ನು ಕೈಯಳತೆ ದೂರ ಹಿಡಿದು ಆಕಾಶದ ಕಡೆ ತಿರುಗಿಸಿದರೆ ಹಿಂದಿನ ಗಾಜಿನಲ್ಲಿ ಎರಡು ಬೆಳಕಿನ ಬಿಲ್ಲೆಗಳು ಕಾಣುತ್ತವಲ್ಲ, ಅವುಗಳ ಅಗಲ ಅಷ್ಟು. ಕತ್ತಲಲ್ಲಿ ಎಳೆಯ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರಿನವರೆಗೂ ಅರಳುತ್ತದೆ. ವಯಸ್ಸಾದಂತೆ ಅರಳುವುದು ಕಡಿಮೆಯಾಗುತ್ತದೆ. ನನ್ನ ವಯಸ್ಸಿನ ಕಣ್ಣಿಗೆ ಐದು ಮಿಲಿಮೀಟರ್ ಬೆಳಕು ಬಂದರೆ ಧಾರಾಳವಾಯಿತು. ಇದೇ ಎಂಟು ಪಟ್ಟಿನಲ್ಲಿ ಇದಕ್ಕಿಂತ ದೊಡ್ಡ ಗಾಜು ಹೊತ್ತರೆ ಹೆಚ್ಚುವರಿ ಬೆಳಕು ಪಾಪೆಯ ಹೊರಗೇ ಬಿದ್ದುಹೋಗುತ್ತದೆ. ನೋಟದ ಅಗಲ ಒಂದು ಕಿಲೋಮೀಟರ್ ದೂರದಲ್ಲಿ 131 ಮೀಟರ್. ಹಳೆಯದರಲ್ಲಿ 114 ಇತ್ತು. ಕಾಗದದ ಮೇಲೆ ಹದಿನೇಳು ಮೀಟರ್ ಅಂಥ ದೊಡ್ಡ ಅಂತರವೇನಲ್ಲ. ಹಾರುವ ಬಾತುಗಳನ್ನು ಹಿಂಬಾಲಿಸುವಾಗ ಅದರ ಅರ್ಥ ತಿಳಿಯುತ್ತದೆ.

ಮೊದಲ ಪರೀಕ್ಷೆ ಮಳೆಯದು. ಜೌಗಿಗೆ ಹೊಸ ನೀರು ಬಂದು, ನೈದಿಲೆಯ ಎಲೆಗಳು ಹಾಸಿ, ಜೊಂಡು ಆಳೆತ್ತರ ಎದ್ದಿತ್ತು. ಚಳಿಗಾಲದ ಅತಿಥಿಗಳು ಇಲ್ಲದ ಕಾಲವಿದು, ಜನರೂ ಬರುವುದಿಲ್ಲ. ಮರದ ಹಲಗೆಯ ದಾರಿಯ ಮೇಲೆ ನಾನು ಮತ್ತು ಪಕ್ಷಿಧಾಮದ ಕಾವಲುಗಾರ, ಇಬ್ಬರೇ. ಊರ ನೀರುಹಕ್ಕಿಗಳ ಸಂಸಾರ ನೋಡಬೇಕಾದರೆ ಈ ತಿಂಗಳುಗಳಲ್ಲೇ ಬರಬೇಕು. ಗುಳುಮುಳುಕ ತನ್ನ ಪಟ್ಟೆಪಟ್ಟೆಯ ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುತ್ತದೆ, ನೇರಳೆ ಜಂಬುಕೋಳಿ ಜೊಂಡಿನ ದಂಟನ್ನು ಕಾಲಿನಲ್ಲಿ ಹಿಡಿದು ಸಿಪ್ಪೆ ಸುಲಿಯುತ್ತದೆ.

ದೇವನಕ್ಕಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಉದ್ದ ಬೆರಳುಗಳನ್ನು ಹರಡಿ ತೇಲುವ ಎಲೆಗಳ ಮೇಲೆ ನಡೆಯುವ ಈ ಹಕ್ಕಿಗಳಲ್ಲಿ ಮನೆಯ ಕೆಲಸವೆಲ್ಲ ಗಂಡಿನದು. ಹೆಣ್ಣು ಒಂದು ಗಂಡಿಗೆ ಮೊಟ್ಟೆ ಇಟ್ಟುಕೊಟ್ಟು ಇನ್ನೊಂದರ ಕಡೆ ಹೊರಡುತ್ತದೆ. ಕಾವು ಕೊಡುವುದು, ಮರಿ ಸಾಕುವುದು ಅಪ್ಪನ ಪಾಲು. ಆಗಸ್ಟಿನ ಒಂದು ಬೆಳಗ್ಗೆ ತುಂತುರು ಮಳೆಯಲ್ಲಿ ಒಂದು ತಾಮ್ರರೆಕ್ಕೆಯ ದೇವನಕ್ಕಿಯ ಮೇಲೆ ಗಾಜು ನಿಲ್ಲಿಸಿದೆ. ಹಕ್ಕಿಗೆ ಆರು ಕಾಲುಗಳಿದ್ದವು. ಮುದ್ರಣದೋಷ ಎಂದುಕೊಂಡೆ. ಕನ್ನಡಕ ಒರೆಸಿ, ಗಾಜು ಒರೆಸಿ, ಮತ್ತೆ ನೋಡಿದೆ. ಆರೇ. ಎರಡು ಎಲೆಯ ಮೇಲೆ ಊರಿದ್ದವು, ನಾಲ್ಕು ರೆಕ್ಕೆಯ ಕೆಳಗಿಂದ ಜೋತಾಡುತ್ತಿದ್ದವು. ಅಪ್ಪ ಎರಡು ಮರಿಗಳನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟಿತ್ತು. ಹಳೆಯ ಗಾಜಿನಲ್ಲಿ ಇದು ಕಾಣುತ್ತಿತ್ತೇ? ಹಕ್ಕಿ ಕಾಣುತ್ತಿತ್ತು, ಕಾಲುಗಳನ್ನು ಎಣಿಸಲು ಆಗುತ್ತಿರಲಿಲ್ಲ. ಮೋಡದ ಬೆಳಕಿನಲ್ಲಿ ಕಂದು ಹಕ್ಕಿಯ ಕಂದು ನೆರಳಿನಲ್ಲಿ ಬೂದು ಕಾಲು ಹುಡುಕಲು ನಡುಗದ ಚಿತ್ರ ಬೇಕು.

ಮಳೆಗಾಲದಲ್ಲಿ ಈ ಬೈನಾಕ್ಯುಲರ್ ಗೆದ್ದ ಇನ್ನೊಂದು ಜಾಗ ಅದರ ಹೊಟ್ಟೆಯೊಳಗೆ. ನಳಿಗೆಗಳಲ್ಲಿ ಗಾಳಿಯ ಬದಲು ಒಣ ನೈಟ್ರೋಜನ್ ತುಂಬಿ ಮುಚ್ಚಿದ್ದಾರೆ. ಆದ್ದರಿಂದ ಒಳಗಿನ ಗಾಜಿಗೆ ಹಬೆ ಕಟ್ಟುವುದಿಲ್ಲ. ಹೊರಗಿನ ಗಾಜಿಗೆ ಕಟ್ಟಿಯೇ ಕಟ್ಟುತ್ತದೆ. ಅದನ್ನು ಒರೆಸಿದರೆ ಹೋಗುತ್ತದೆ. ಹಳೆಯದರ ಒಳಗೆ ಕಟ್ಟಿದ ಹಬೆ ಮಧ್ಯಾಹ್ನದವರೆಗೂ ಇಳಿಯುತ್ತಿರಲಿಲ್ಲ, ಎರಡನೆಯ ಮಳೆಗಾಲದಲ್ಲಿ ಮಸೂರದ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತು. ಬೂಷ್ಟು ಬರೀ ಕೊಳೆಯಲ್ಲ, ಗಾಜಿನ ಮೇಲಿನ ಲೇಪನವನ್ನೇ ತಿಂದುಹಾಕುತ್ತದೆ. ಈಗಿನದನ್ನು ಒದ್ದೆ ಚೀಲದಲ್ಲಿ ಒಂದು ರಾತ್ರಿಯೂ ಇಡುವುದಿಲ್ಲ. ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಸಿಲಿಕಾ ಜೆಲ್ ಪುಡಿಕೆಗಳಿರುವ ಗಾಳಿಯಾಡದ ಡಬ್ಬಿಗೆ ಹಾಕುತ್ತೇನೆ. ಜಲನಿರೋಧಕ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಬೂಷ್ಟಿಗೆ ಓದು ಬರುವುದಿಲ್ಲ.

ದೂರಿನ ಮೊದಲ ಕಂತು ಕೂಡ ಮಳೆಗಾಲದ್ದೇ. ಮುಂದಿನ ಮಸೂರಗಳ ಮುಚ್ಚಳಗಳು ಸಡಿಲ. ಅವನ್ನು ರಬ್ಬರಿನ ಬಳೆಯಿಂದ ನಳಿಗೆಗೆ ಜೋತುಬಿಟ್ಟಿದ್ದಾರೆ. ಆ ಬಳೆಯೇ ಜಾರುತ್ತದೆ. ಆರು ಕಾಲಿನ ಹಕ್ಕಿಯನ್ನು ನೋಡಿದ ಅದೇ ವಾರ ಹಲಗೆಯ ದಾರಿಯಿಂದ ಎಡಗಡೆಯ ಮುಚ್ಚಳ ನೀರಿಗೆ ಬಿತ್ತು. ತೇಲಲೂ ಇಲ್ಲ. ಕಾವಲುಗಾರ ಒಂದು ಕೋಲು ತಂದು ಕೆದಕಿ, "ಬಿಡಿ ಅಮ್ಮ, ಇದು ಕೊಟ್ಟದ್ದನ್ನು ಬೇಗ ಹಿಂದಿರುಗಿಸುವ ಜಾಗವಲ್ಲ" ಎಂದ.

ನನಗೆ ಗಾಜು ಎತ್ತುವುದನ್ನು ಕಲಿಸಿದವನೂ ಅವನೇ. ನಾನು ಬೈನಾಕ್ಯುಲರನ್ನು ಕಣ್ಣಿಗೆ ಒತ್ತಿಕೊಂಡು ಜೊಂಡಿನಲ್ಲೆಲ್ಲ ಹಕ್ಕಿ ಹುಡುಕುತ್ತಿದ್ದೆ. ಅವನು ಬರಿಗಣ್ಣಿನಲ್ಲಿ ಎಲ್ಲವನ್ನೂ ಮೊದಲು ಕಾಣುತ್ತಿದ್ದ. "ಹಕ್ಕಿಯ ಮೇಲಿಂದ ದೃಷ್ಟಿ ತೆಗೆಯಬೇಡಿ. ತಲೆ ಅಲುಗಿಸಬೇಡಿ. ಕಣ್ಣಿಗೂ ಹಕ್ಕಿಗೂ ನಡುವೆ ಗಾಜನ್ನು ತಂದು ನಿಲ್ಲಿಸಿ, ಅಷ್ಟೇ" ಎಂದ. ಒಂದು ವಾರ ಹಲಗೆಯ ಕಂಬದ ತುದಿಯ ಮೊಳೆಯ ಮೇಲೆ ಅಭ್ಯಾಸ ಮಾಡಿದೆ. ಎಂಟು ಪಟ್ಟಿನ ಅಗಲ ನೋಟ ಇಲ್ಲಿ ದೊಡ್ಡ ಸಹಾಯ. ಗುರಿ ಸ್ವಲ್ಪ ತಪ್ಪಿದರೂ ಹಕ್ಕಿ ಚೌಕಟ್ಟಿನ ಒಳಗೆಲ್ಲೋ ಇರುತ್ತದೆ.

ಕನ್ನಡಕದವರಿಗೆ ಒಂದು ಮಾತು, ಇದನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ. ಹಿಂದಿನ ಗಾಜಿನಿಂದ ಕಣ್ಣು ಹೆಚ್ಚೆಂದರೆ ಎಷ್ಟು ದೂರವಿದ್ದು ಪೂರ್ತಿ ನೋಟ ಸಿಗುತ್ತದೆ ಎಂಬ ಅಳತೆ ಒಂದಿದೆ, ಐ ರಿಲೀಫ್ ಎನ್ನುತ್ತಾರೆ. ಕನ್ನಡಕ ಹಾಕಿಕೊಂಡೇ ನೋಡುವವರಿಗೆ ಅದು ಕನಿಷ್ಠ 15, 16 ಮಿಲಿಮೀಟರ್ ಇರಬೇಕು. ನನ್ನ ಹಳೆಯದರಲ್ಲಿ ಅದು ಕಡಿಮೆಯಿತ್ತು. ಬೀಗದ ಕಿಂಡಿಯಿಂದ ಇಣುಕಿದಂತೆ ಕಾಣುತ್ತಿತ್ತು. ಈಗಿನದರಲ್ಲಿ 17 ಇದೆ. ಕಣ್ಣಿನ ಬಳಿಯ ರಬ್ಬರ್ ಬಟ್ಟಲುಗಳನ್ನು ತಿರುಗಿಸಿ ಕೆಳಗಿಳಿಸಿದರೆ ಕನ್ನಡಕದ ಸಹಿತ ಪೂರ್ತಿ ವೃತ್ತ ಕಾಣುತ್ತದೆ. ನೀವು ಉಳಿದೆಲ್ಲ ಮರೆತರೂ ಈ ಒಂದು ಸಂಖ್ಯೆಯನ್ನು ಕೇಳಿಕೊಂಡು ಕೊಳ್ಳಿ.

ಸೆಪ್ಟೆಂಬರಿನಿಂದ ಜೌಗಿನ ಸದ್ದೇ ಬೇರೆಯಾಗುತ್ತದೆ. ಮೊದಲು ಬರುವವರು ಗದ್ದೆಗೊರವಗಳು, ಒಂಟಿ ಒಂಟಿಯಾಗಿ. ಆಮೇಲೆ ಬಾತುಗಳು. ಅಕ್ಟೋಬರಿನಲ್ಲಿ ಬಂದಿಳಿದ ಸೂಜಿಬಾಲದ ಬಾತುಗಳನ್ನು ನೋಡಿ ನಾನು ಮೊದಲ ವರ್ಷ, ಬರೀ ಹೆಣ್ಣುಗಳೇ ಬಂದಿವೆ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿದ್ದೆ. ತಂಗಿಯ ಮಗಳು ಅದನ್ನು ಓದಿ ಬಹಳ ಹೊತ್ತು ನಕ್ಕಳು. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಬಾತುಗಳು ಬಣ್ಣದ ಗರಿಗಳನ್ನು ಉದುರಿಸಿ ಕೆಲವು ತಿಂಗಳು ಹೆಣ್ಣಿನಂತೆಯೇ ಕಂದು ವೇಷದಲ್ಲಿರುತ್ತವೆ. ಆ ನಡುವೆ ರೆಕ್ಕೆಯ ಹಾರುಗರಿಗಳೂ ಒಟ್ಟಿಗೇ ಉದುರಿ ಕೆಲವು ವಾರ ಹಾರಲಾರದ ಸ್ಥಿತಿ. ನಮ್ಮ ಕಡೆ ಬಂದಿಳಿದ ಮೇಲೆ ನಿಧಾನವಾಗಿ ಬಣ್ಣ ತುಂಬುತ್ತದೆ. ಡಿಸೆಂಬರಿನ ಹೊತ್ತಿಗೆ ಚಾಕಲೇಟ್ ಬಣ್ಣದ ತಲೆ, ಕುತ್ತಿಗೆಯ ಪಕ್ಕದಲ್ಲಿ ಮೇಲಕ್ಕೇರುವ ಬಿಳಿ ಗೆರೆ, ಸೂಜಿಯಂಥ ಬಾಲ ಎಲ್ಲ ಸ್ಪಷ್ಟ. ಪ್ರತಿ ವಾರ ಒಂದೇ ಹಿಂಡನ್ನು ನೋಡುವುದು ಒಂದೇ ಪುಸ್ತಕದ ಮೊದಲ ಕರಡು, ಎರಡನೆಯ ಕರಡು, ಅಂತಿಮ ಕರಡು ನೋಡಿದ ಹಾಗೆ. ಚಲುಕದ ಬಾತುಗಳು ಅಷ್ಟರಲ್ಲಿ ಗುಂಪುಗೂಡಿ ಸುತ್ತು ಹಾಕುತ್ತ, ಒಂದು ಕದಡಿದ ನೀರನ್ನು ಇನ್ನೊಂದು ಚಮಚದಂಥ ಕೊಕ್ಕಿನಿಂದ ಸೋಸುತ್ತ ಕಾಲ ಕಳೆಯುತ್ತಿರುತ್ತವೆ.

ಚಳಿಗಾಲದ ಬೆಳಗ್ಗೆ ಆರೂವರೆಗೆ ಗಾಜಿನ ನಿಜವಾದ ಬೆಲೆ ತಿಳಿಯುತ್ತದೆ. ಮಂಜು ನೀರಿನ ಮೇಲೆ ಮೊಣಕಾಲೆತ್ತರ ನಿಂತಿರುತ್ತದೆ, ಬಣ್ಣಗಳು ಇನ್ನೂ ಬಂದಿರುವುದಿಲ್ಲ. ಬರಿಗಣ್ಣಿಗೆ ಬೂದು ಉಂಡೆಗಳಾಗಿ ಕಾಣುವ ಬಾತುಗಳಲ್ಲಿ ಗಂಡು ಬಿಳಿಹುಬ್ಬಿನ ಬಾತಿನ ಬಿಳಿ ಹುಬ್ಬು ಈ ಗಾಜಿನಲ್ಲಿ ಹೊಳೆದು ನಿಲ್ಲುತ್ತದೆ. ಅದೇ ಹೊತ್ತಿಗೆ ಪಕ್ಕದ ಬೆಂಚಿನವರು ಅಂಗೈಯಲ್ಲಿ ಅಡಗುವ ಪುಟ್ಟ 8x21ರಲ್ಲಿ ನೋಡಿ ಇನ್ನೂ ಬೆಳಕಾಗಿಲ್ಲ ಎನ್ನುತ್ತಿದ್ದರು. 21ನ್ನು 8ರಿಂದ ಭಾಗಿಸಿ ನೋಡಿ, ಅವರ ಬೆಳಗು ಏಕೆ ತಡವಾಯಿತು ಎಂದು ಗೊತ್ತಾಗುತ್ತದೆ.

ಈಗ ತಂಗಿಯ ಮಗಳು ಮೊದಲ ದಿನ ತೋರಿಸಿದ ಆ ಎರಡು ಕಂದು ಹಕ್ಕಿಗಳು. ಒಂದು ಅಡವಿ ಗದ್ದೆಗೊರವ, ಇನ್ನೊಂದು ಹಸಿರು ಗದ್ದೆಗೊರವ. ಮೊದಲನೆಯದರ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹರಿಯುತ್ತದೆ; ಎರಡನೆಯದರದ್ದು ಕಣ್ಣಿನ ಬಳಿಯೇ ನಿಲ್ಲುತ್ತದೆ. ದೀರ್ಘ ಮತ್ತು ಹ್ರಸ್ವ. ಮೊದಲನೆಯದರ ಬೆನ್ನಿನ ಮೇಲೆ ಢಾಳಾದ ಚುಕ್ಕಿಗಳು, ಕಾಲಿಗೆ ಹಳದಿ ಛಾಯೆ. ಎರಡನೆಯದರ ಬೆನ್ನು ಕಪ್ಪು ಕಪ್ಪು, ಚುಕ್ಕಿ ಸಣ್ಣದು. ಹಾರಿದರೆ ಅನುಮಾನವೇ ಇಲ್ಲ, ಹಸಿರು ಗದ್ದೆಗೊರವದ ರೆಕ್ಕೆಯಡಿ ಕಪ್ಪು, ಬಾಲದ ಬುಡ ಬೆಳ್ಳಗೆ. ಎಲ್ಲ ಪುಸ್ತಕಗಳಲ್ಲಿ ಇದು ಇದೆ. ಆದರೆ ಕೆಸರಿನಲ್ಲಿ ಹಕ್ಕಿ ಪುಸ್ತಕದಂತೆ ಪಕ್ಕಕ್ಕೆ ತಿರುಗಿ ನಿಲ್ಲುವುದಿಲ್ಲ. ಬೆನ್ನು ತೋರಿಸುತ್ತದೆ, ತಗ್ಗಿಗಿಳಿಯುತ್ತದೆ, ಹುಲ್ಲಿನ ಹಿಂದೆ ಹೋಗುತ್ತದೆ. ನವೆಂಬರಿನ ಒಂದು ದಿನ ಕಂಬಿಗೆ ಮೊಣಕೈ ಊರಿ ಒಂದೇ ಹಕ್ಕಿಯನ್ನು 22 ನಿಮಿಷ ನೋಡಿದೆ, ತೋಳು ಸೋಲಲಿಲ್ಲ. ಹಳೆಯದಾಗಿದ್ದರೆ ಎಂಟನೆಯ ನಿಮಿಷಕ್ಕೆ ಅದು ನನ್ನ ಮಡಿಲಿಗೆ ಇಳಿದಿರುತ್ತಿತ್ತು. ಈ ಬೈನಾಕ್ಯುಲರ್ ಸುಮಾರು 700 ಗ್ರಾಂ. ತೂಕ ಎನ್ನುವುದು ಕೈಯಲ್ಲಿ ಎತ್ತಿ ನೋಡಿದಾಗ ಗೊತ್ತಾಗುವುದಲ್ಲ, ಇಪ್ಪತ್ತೆರಡನೆಯ ನಿಮಿಷದಲ್ಲಿ ಗೊತ್ತಾಗುವುದು. ಪೆಟ್ಟಿಗೆಯೊಡನೆ ಬಂದ ಕುತ್ತಿಗೆ ಪಟ್ಟಿಯನ್ನು ಮಾತ್ರ ಮೊದಲ ತಿಂಗಳೇ ಕಿತ್ತುಹಾಕಿದೆ. ಎರಡೂ ಹೆಗಲಿಗೆ ಹಂಚುವ ಪಟ್ಟಿ ಹಾಕಿಕೊಂಡ ಮೇಲೆ ಕುತ್ತಿಗೆ ನನ್ನದೇ ಆಯಿತು.

ಜೌಗು ಸೆಳೆವ ಎಂಬ ಬೇಟೆಹಕ್ಕಿ ಬಂದಾಗಿನ ದೃಶ್ಯವನ್ನು ನೋಡಲೆಂದೇ ನಾನು ಜನವರಿಯಲ್ಲಿ ವಾರಕ್ಕೆ ಮೂರು ದಿನ ಹೋಗುತ್ತೇನೆ. ಜೊಂಡಿನ ತುದಿಗೆ ತಾಗುವಷ್ಟು ಕೆಳಗೆ, ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಓಲಾಡುತ್ತ ಬರುವ ಹದ್ದಿನ ಜಾತಿಯ ಹಕ್ಕಿ. ಅದರ ನೆರಳು ಕಂಡದ್ದೇ ತಡ, ನಾಮದ ಕೋಳಿಗಳು ಒತ್ತೊತ್ತಾಗಿ ಒಂದೆಡೆ ಸೇರುತ್ತವೆ, ಬಾತುಗಳು ಇಡೀ ಕೆರೆಯನ್ನೇ ಎತ್ತಿಕೊಂಡಂತೆ ಏಳುತ್ತವೆ. ಹಳೆಯ ಗಾಜಿನಲ್ಲಿ ಇದು ರೆಕ್ಕೆಗಳ ಗೊಂದಲ ಮಾತ್ರವಾಗಿತ್ತು. ಈ ಅಗಲ ನೋಟದಲ್ಲಿ ಬೇಟೆಗಾರ ಮತ್ತು ಹಿಂಡು ಎರಡೂ ಒಂದೇ ವೃತ್ತದಲ್ಲಿ ಇರುತ್ತವೆ. ಹಿಂಡು ಯಾವ ಕಡೆ ಒಡೆಯಿತು, ಅದು ಯಾವುದರ ಮೇಲೆ ಕಣ್ಣಿಟ್ಟಿದೆ ಎಂದು ಓದಬಹುದು. ಹೆಚ್ಚಿನ ಸಲ ಅದು ಬರಿಗಾಲಿನಲ್ಲೇ ಹಿಂದಿರುಗುತ್ತದೆ.

ಅದೇ ತಿಂಗಳು ನೀರುಹಕ್ಕಿಗಳ ಗಣತಿ. 1967ರಿಂದ ಜಗತ್ತಿನ ಹಲವು ದೇಶಗಳಲ್ಲಿ ಜನವರಿಯಲ್ಲೇ ನಡೆದುಬಂದಿರುವ ಕೆಲಸ. ಈ ತಿಂಗಳು ವಲಸೆ ಹಕ್ಕಿಗಳು ಹೆಚ್ಚು ಅಲೆದಾಡದೆ ಒಂದೆಡೆ ನೆಲೆಸಿರುತ್ತವೆ. ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ ಆ ಹತ್ತು ಎಷ್ಟು ಜಾಗ ತುಂಬುತ್ತದೆ ಎಂದು ಕಣ್ಣಿಗೆ ತೋರಿಸಿಕೊಳ್ಳಬೇಕು, ನಂತರ ಆ ತುಂಡಿನಿಂದ ಇಡೀ ಹಿಂಡನ್ನು ಅಳೆಯುತ್ತ ಹೋಗಬೇಕು. ನನ್ನ ಲೆಕ್ಕ 340 ಬಂತು, ತಂಗಿಯ ಮಗಳದ್ದು 410. ಇಬ್ಬರೂ ಜಗಳವಾಡಿ ಮತ್ತೆ ಎಣಿಸಿದೆವು. ಅಷ್ಟರಲ್ಲಿ ಸೆಳೆವ ಬಂತು. ಪ್ರಶ್ನೆಯೇ ಹಾರಿಹೋಯಿತು.

ಇನ್ನು ಈ ಗಾಜು ಸೋಲುವ ಜಾಗಗಳು. ದೂರದ ಕೆಸರುದಿಬ್ಬದ ಮೇಲೆ ಗುಬ್ಬಿಯಷ್ಟೇ ಗಾತ್ರದ ಸ್ಟಿಂಟುಗಳು ಓಡಾಡುತ್ತವೆ. ಕಾಲು ಕಪ್ಪಾದರೆ ಒಂದು ಜಾತಿ, ಹಳದಿ ಛಾಯೆಯಾದರೆ ಇನ್ನೊಂದು. 200 ಮೀಟರ್ ದೂರದಲ್ಲಿ ಎಂಟು ಪಟ್ಟು ಎಂದರೆ 25 ಮೀಟರಿನಿಂದ ನೋಡಿದಂತೆ. ಕಾಲಿನ ಬಣ್ಣ ಸಿಗುವುದಿಲ್ಲ. ಹತ್ತು ಪಟ್ಟಿನಲ್ಲಿ 20 ಮೀಟರ್, ಅಲ್ಲೂ ಸಿಗುವುದಿಲ್ಲ. ಅದಕ್ಕೆ ಮೂರು ಕಾಲಿನ ಮೇಲೆ ನಿಲ್ಲಿಸುವ, ನಲವತ್ತು ಪಟ್ಟು ಹಿಗ್ಗಿಸುವ ಸ್ಪಾಟಿಂಗ್ ಸ್ಕೋಪ್ ಬೇಕು. ನಿಮ್ಮ ಜೌಗು ವಿಶಾಲವಾಗಿದ್ದು ಹಕ್ಕಿಗಳು ಯಾವಾಗಲೂ ಆಚೆ ದಡದಲ್ಲೇ ಇರುವುದಾದರೆ ಈ ಬೈನಾಕ್ಯುಲರ್ ಒಂದರಿಂದಲೇ ನಿಮಗೆ ತೃಪ್ತಿಯಾಗದು.

ಇನ್ನೊಂದು ದೋಷ ಬಿಸಿಲಿನಲ್ಲಿ ಬೆಳ್ಳಕ್ಕಿಯ ಮೇಲೆ ಕಾಣುತ್ತದೆ. ನಾಲ್ಕು ಬಣ್ಣದ ಮುದ್ರಣದಲ್ಲಿ ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ಚಿತ್ರದ ಅಂಚಿನಲ್ಲಿ ಬೇಡದ ಬಣ್ಣ ಇಣುಕುತ್ತದೆ, ರಿಜಿಸ್ಟರ್ ತಪ್ಪಿದೆ ಎನ್ನುತ್ತೇವೆ. ಹಾಗೆಯೇ ಪ್ರಖರ ಬೆಳಕಿನಲ್ಲಿ ಬಿಳಿ ರೆಕ್ಕೆಯ ಅಂಚಿಗೆ ನೇರಳೆ ಬಣ್ಣದ ತೆಳು ದಾರ. ಗಾಜು ಬೇರೆ ಬೇರೆ ಬಣ್ಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಹೀಗಾಗುತ್ತದೆ. ವಿಶೇಷ ಗಾಜು ಬಳಸಿದ ಮೇಲ್ದರ್ಜೆಯ ಬೈನಾಕ್ಯುಲರುಗಳಲ್ಲಿ ಇದು ಬಹಳ ಕಡಿಮೆ. ಎಲ್ಲರಿಗೂ ಇದು ಕಾಣುವುದಿಲ್ಲ. ನನಗೆ ವೃತ್ತಿದೋಷದಿಂದ ಕಾಣುತ್ತದೆ. ವೃತ್ತದ ಅಂಚಿನಲ್ಲಿ ಚಿತ್ರ ಸ್ವಲ್ಪ ಮಸುಕಾಗುವುದೂ ನಿಜ, ಆದರೆ ಅಂಚಿನಲ್ಲಿ ಹಕ್ಕಿ ಇಟ್ಟು ನೋಡುವವರು ಯಾರು?

ಬಲಗಣ್ಣಿನ ಹೊಂದಾಣಿಕೆಯ ಬಳೆಯ ಮೇಲೆ ನನಗೆ ಸಿಟ್ಟಿದೆ. ಎರಡು ಕಣ್ಣುಗಳ ದೃಷ್ಟಿ ಸಮವಿಲ್ಲದಿದ್ದರೆ ಅದನ್ನು ಸರಿದೂಗಿಸಲು ಇರುವ ಬಳೆ ಅದು. ಬಲಗಡೆಯ ಮಸೂರ ಮುಚ್ಚಿ, ಎಡಗಣ್ಣಿಗೆ ನಡುವಿನ ಚಕ್ರದಿಂದ ಸ್ಪಷ್ಟ ಮಾಡಿಕೊಳ್ಳಬೇಕು. ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ ಈ ಬಳೆಯನ್ನು ಮಾತ್ರ ತಿರುಗಿಸಿ ಬಲಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಬೇಕು. ಒಮ್ಮೆ ಮಾಡಿದರೆ ಮರೆತುಬಿಡಬಹುದು ಎಂದು ಕೈಪಿಡಿ ಹೇಳುತ್ತದೆ. ಇದರಲ್ಲಿ ಬಳೆಗೆ ಬೀಗವಿಲ್ಲ. ತಂಗಿಯ ಮಗಳು ಐದು ನಿಮಿಷ ತೆಗೆದುಕೊಂಡು ಕೊಟ್ಟರೆ ಸಾಕು, ಹಿಂದಿರುಗುವಾಗ ಅದು ಅವಳ ಕಣ್ಣಿನದಾಗಿರುತ್ತದೆ. "ಏನೂ ಮುಟ್ಟಲಿಲ್ಲ ದೊಡ್ಡಮ್ಮ" ಎನ್ನುತ್ತಾಳೆ. ಕೊನೆಗೆ ನನ್ನ ಗುರುತಿಗೆ ಕೆಂಪು ಶಾಯಿಯ ಒಂದು ಚುಕ್ಕಿ ಇಟ್ಟೆ. ಕೆಂಪು ಶಾಯಿ ನನ್ನ ಬಳಿ ಇನ್ನೂ ಬಹಳ ಉಳಿದಿದೆ.

ರಬ್ಬರ್ ಬಟ್ಟಲು ಫೆಬ್ರವರಿಯಲ್ಲಿ ಸೀಳಿತು. ದುರಸ್ತಿಗೆ ಬರೆದರೆ ಮೊದಲು ಬೇರೆ ಅಳತೆಯದನ್ನು ಕಳಿಸಿದರು, ಎರಡನೆಯ ಸಲ ಸರಿಯಾದದ್ದನ್ನು ಒಂದೇ ಒಂದು. ಹಾಗಾಗಿ ಈಗ ನನ್ನ ಬೈನಾಕ್ಯುಲರಿನ ಒಂದು ಕಣ್ಣು ಹೊಸ ಕಪ್ಪು, ಇನ್ನೊಂದು ಹಳೆ ಬೂದು.

ಮಾರ್ಚಿನಲ್ಲಿ ಹೊರಡುವ ಸಿದ್ಧತೆ. ಹಿನ್ನೀರ ಗೊರವಗಳ ಬೂದು ಎದೆ ವಾರದಿಂದ ವಾರಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ; ಹೊಸ ಬಟ್ಟೆ ಹಾಕಿಕೊಂಡು ಊರಿಗೆ ಹೊರಟವರಂತೆ. ಇವುಗಳ ಸಮೀಪದ ನೆಂಟ, ಪಟ್ಟೆಬಾಲದ ಗೊರವದ ಒಂದು ಎಳೆಯ ಹಕ್ಕಿ 2022ರಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ ಹನ್ನೊಂದು ದಿನಗಳಲ್ಲಿ ಸುಮಾರು 13,560 ಕಿಲೋಮೀಟರ್ ಹಾರಿತು. ಬೆನ್ನಿಗೆ ಅಂಟಿಸಿದ ಪುಟ್ಟ ಉಪಗ್ರಹ ಸಾಧನ ಅದನ್ನು ದಾಖಲಿಸಿತು. ಇದನ್ನು ತಿಳಿದ ಮೇಲೆ ಕೆಸರಿನಲ್ಲಿ ಕೊಕ್ಕು ಅದ್ದಿ ನಿಂತ ಗೊರವವನ್ನು ಮೊದಲಿನಂತೆ ನೋಡಲು ನನ್ನಿಂದ ಆಗಿಲ್ಲ. ಒಂದು ಮಂಗಳವಾರ ನೂರಕ್ಕೂ ಹೆಚ್ಚು ಇದ್ದವು, ಶುಕ್ರವಾರ ಹನ್ನೊಂದು.

ಬೇಸಿಗೆಯ ಬಗ್ಗೆ ಹೇಳುವುದು ಕಡಿಮೆ. ಒಂಬತ್ತು ಗಂಟೆಯ ಮೇಲೆ ಕಾದ ನೆಲದಿಂದ ಏಳುವ ಬಿಸಿಗಾಳಿಯಲ್ಲಿ ಎಲ್ಲ ಹಕ್ಕಿಗಳೂ ನೀರಿನೊಳಗೆ ನಿಂತಂತೆ ಕುಣಿಯುತ್ತವೆ. ಇಲ್ಲಿ ಹೆಚ್ಚು ಪಟ್ಟು ಇದ್ದಷ್ಟೂ ಕಷ್ಟ, ಏಕೆಂದರೆ ಗಾಜು ಹಕ್ಕಿಯ ಜೊತೆ ಆ ಕುಣಿತವನ್ನೂ ಹಿಗ್ಗಿಸುತ್ತದೆ. ಯಾವ ಕಂಪನಿಯ ಯಾವ ಗಾಜೂ ಇದನ್ನು ಸರಿಪಡಿಸುವುದಿಲ್ಲ. ಬೇಗ ಹೋಗಿ ಬೇಗ ಬರಬೇಕು. ನೀರು ಬತ್ತಿ ಉಳಿದ ಹೊಂಡಗಳಲ್ಲಿ ಸಿಕ್ಕಿಬಿದ್ದ ಮೀನುಗಳಿಗೆ ಬೆಳ್ಳಕ್ಕಿ, ಬಕಗಳ ನೂಕುನುಗ್ಗಲು. ಬಾಯ್ಕಳಕ ಕೊಕ್ಕರೆ ತನ್ನ ಮುಚ್ಚಲಾಗದ ಕೊಕ್ಕಿನಿಂದ ಬಸವನಹುಳುವನ್ನು ಹೊರಗೆಳೆಯುತ್ತಿರುತ್ತದೆ. ಬಿಸಿಲೇರಿದ ಮೇಲೆ ನಾನು ಏರೋಪ್ಲೇನ್ ಚಿಟ್ಟೆಗಳಿಗೆ ತಿರುಗುತ್ತೇನೆ. ಈ ಗಾಜು ಎರಡು ಮೀಟರಿನಷ್ಟು ಹತ್ತಿರಕ್ಕೂ ಫೋಕಸ್ ಆಗುವುದರಿಂದ ರೆಕ್ಕೆಯ ನರಗಳ ಜಾಲ ಕಾಣುತ್ತದೆ. ಬೈನಾಕ್ಯುಲರನ್ನು ತಿರುಗಿಸಿ ಹಿಡಿದು, ಹಿಂದಿನ ಗಾಜನ್ನು ವಸ್ತುವಿಗೆ ತೀರ ಹತ್ತಿರ ತಂದರೆ ಅದೊಂದು ಭೂತಗನ್ನಡಿಯೂ ಹೌದು. ಉದುರಿದ ಗರಿಯ ಎಳೆಗಳನ್ನು ಹಾಗೆ ನೋಡಿದ್ದೇನೆ. ಅಭ್ಯಾಸಬಲದಿಂದ ಪಕ್ಷಿಧಾಮದ ಪ್ರವೇಶಚೀಟಿಯನ್ನೂ ನೋಡಿ, ಅದರಲ್ಲಿ ಎರಡು ತಪ್ಪು ಕಂಡುಹಿಡಿದಿದ್ದೇನೆ.

ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಬಳೆಗೆ, ಮುಚ್ಚಳಕ್ಕೆ. ಕನ್ನಡಕ ಹಾಕುವವರು, ಕೈ ಸ್ವಲ್ಪ ನಡುಗುವವರು, ಜೊಂಡಿನ ನಡುವೆ ಹತ್ತಿರದಿಂದ ನೋಡುವವರು ಕಣ್ಣು ಮುಚ್ಚಿ ಈ ಅಳತೆಯನ್ನು ಕೊಳ್ಳಬಹುದು. ಬೆಟ್ಟದ ತುದಿಯಿಂದ ದೂರದ ಹದ್ದುಗಳನ್ನು ನೋಡುವ ಗಟ್ಟಿ ಕೈಯ ತರುಣರು 10x42 ಕೊಂಡರೆ ನನ್ನ ತಕರಾರಿಲ್ಲ.

ಮೇ ತಿಂಗಳ ಕೊನೆಯ ವಾರ ಹಲಗೆಯ ದಾರಿಯ ಕೆಳಗೆ ನೀರಿರಲಿಲ್ಲ, ಬಿರಿದ ಕೆಸರಿತ್ತು. ಕಾವಲುಗಾರ ಮೇಲಿನಿಂದಲೇ ಬೆರಳು ಮಾಡಿದ. ನಾನು ಗಾಜು ಎತ್ತಿ ನೋಡಿದೆ: ಒಂದು ಬಿರುಕಿನ ಅಂಚಿನಲ್ಲಿ ಕಪ್ಪು ಮುಚ್ಚಳ, ಅದರೊಳಗೆ ಒಣಗಿದ ಕೆಸರು, ಕೆಸರಿನ ಮೇಲೆ ಒಂದು ಪುಟ್ಟ ಬಸವನಹುಳುವಿನ ಖಾಲಿ ಚಿಪ್ಪು. ಅವನು ಇಳಿದು ತಂದುಕೊಟ್ಟ. ಮನೆಗೆ ತಂದು ತೊಳೆದು ಎಡಗಡೆಯ ಮಸೂರಕ್ಕೆ ಹಾಕಿದೆ. ಒಂಬತ್ತು ತಿಂಗಳು ಜೌಗಿನಲ್ಲಿದ್ದರೂ ಅಳತೆ ಬದಲಾಗಿಲ್ಲ, ಈಗಲೂ ಸಡಿಲವೇ.